ಅಕ್ಕಡಿ ಸಾಲಿನ ಅವರೆ



ಚೈತ್ರ ವೈಶಾಖಗಳನ್ನು ವಸಂತವೆಂದು ಕರೆಯುವುದು ಪಂಚಾಂಗದ ವಾಡಿಕೆ. ಮಾವು ಚಿಗುರುವುದೂ ಕೋಗಿಲೆ ಕೂಗುವುದೂ ಆಗಲೇ. ಶೀತದೇಶಗಳ ಜನರು ಹಿಮ ಕರಗಿದ ಮೇಲೆ ನೆಲದಿಂದ ಮೇಲೇಳುವ ಮೊದಲ ಎಳೆಯ ತರಕಾರಿಗಾಗಿ ವರ್ಷವೆಲ್ಲ ಕಾಯುವುದೂ ಆ ಋತುವಿಗಾಗಿಯೇ. ಆದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ಬೆದ್ದಲು ಭೂಮಿಯಲ್ಲಿ ಹುಟ್ಟಿ ಬೆಳೆದವರನ್ನು ತಾವು ಕೇಳಿ ನೋಡಬೇಕು. ಅವರು ಕಾದಿದ್ದು ಉಣ್ಣುವ ಕಾಯಿ ಬರುವುದು ಮಾಗಿಯ ಚಳಿಯಲ್ಲಿ. ಮಾರ್ಗಶಿರದಲ್ಲಿ ತೊಡಗಿ, ಪುಷ್ಯದಲ್ಲಿ ತುಂಬಿ, ಮಾಘದಲ್ಲಿ ಮುಗಿಯುವ ಅವರೆಕಾಯಿಯೇ ಅದು. ಯುಗಾದಿಯ ಹೊತ್ತಿಗೆ ಹಸಿಕಾಯಿ ಮುಗಿದು, ಒಣಗಿದ ಕಾಳು ಮಡಕೆಯನ್ನು ಸೇರಿರುತ್ತದೆ.

ನಾವು ಮಠದ ಪ್ರಸಾದನಿಲಯದಲ್ಲಿ ವಿದ್ಯಾರ್ಥಿಯಾಗಿದ್ದ ದಿನಗಳಲ್ಲಿ, ಪುಷ್ಯಮಾಸ ಬಂತೆಂದರೆ ನಾಗಮಂಗಲ, ಕೃಷ್ಣರಾಜಪೇಟೆಗಳ ಕಡೆಯ ಭಕ್ತರು ಅವರೆಕಾಯಿಯ ಮೂಟೆಗಳನ್ನು ದಾಸೋಹಕ್ಕೆಂದು ತಂದಿಳಿಸುತ್ತಿದ್ದರು. ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ಪಡಸಾಲೆಯಲ್ಲಿ ಚಾಪೆ ಹಾಸಿ ಎಲ್ಲರೂ ಕಾಯಿ ಸುಲಿಯಲು ಕೂರಬೇಕು. ಸುಲಿದ ಕಾಳನ್ನು ರಾತ್ರಿ ನೀರಿನಲ್ಲಿ ನೆನೆಹಾಕಿ, ಬೆಳಗಿನ ಜಾವ ಒಂದೊಂದನ್ನೂ ಹೆಬ್ಬೆರಳು ತೋರುಬೆರಳುಗಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಾತ್ರೆಗೆ ಹಾರುತ್ತದೆ. ಇದೇ ಹಿದುಕಿದ ಬೇಳೆ. ನಮ್ಮ ಹಳ್ಳಿಯ ಬಾಯಲ್ಲಿ ಹಿತ್ಕಬೇಳೆ. ಹುಳು ಬಿದ್ದ ಕಾಳನ್ನು ಬೇರೆ ಮಾಡದೆ ಹಾಕಿದವನಿಗೆ ಹಿರಿಯ ಗುರುಗಳಿಂದ ಬುದ್ಧಿವಾದ ತಪ್ಪುತ್ತಿರಲಿಲ್ಲ. ಕೈಬೆರಳುಗಳಿಗೆ ಅಂಟಿದ ಆ ಸೊಗಡು ಎರಡು ದಿನ ತೊಳೆದರೂ ಹೋಗುತ್ತಿರಲಿಲ್ಲ; ಪಾಠಶಾಲೆಯಲ್ಲಿ ಪುಸ್ತಕದ ಹಾಳೆಗಳಿಗೂ ಅದೇ ವಾಸನೆ. ಈ ಪತ್ರಿಕೆಯನ್ನು ಓದುತ್ತಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಇದು ನೆನಪಿದ್ದೀತು.

ಅಂದು ನಾಲಗೆಗೆ ಮಾತ್ರ ಪರಿಚಯವಾಗಿದ್ದ ಈ ಕಾಯಿಗೆ ಒಂದು ದೀರ್ಘವಾದ ಚರಿತ್ರೆಯಿದೆ. ಆ ಚರಿತ್ರೆಯು ಈಗ ಒಂದು ಸಂಕಟದ ಘಟ್ಟಕ್ಕೆ ಬಂದು ನಿಂತಿರುವುದರಿಂದ ಅದನ್ನು ತಮ್ಮ ಮುಂದೆ ಇಡಬೇಕೆನಿಸಿತು.

ಚರಿತ್ರೆಯ ವಿದ್ಯಾರ್ಥಿಯಾಗಿ ವಿಶ್ವವಿದ್ಯಾನಿಲಯಕ್ಕೆ ಹೋದ ಮೇಲೆ ನಮ್ಮ ಸೀಮೆಯ ಶಾಸನಗಳನ್ನು ಓದುವ ಭಾಗ್ಯ ನಮಗೆ ಲಭಿಸಿತು. ಬಿ. ಎಲ್. ರೈಸ್ ಅವರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳನ್ನು ಮೈಸೂರು ವಿಶ್ವವಿದ್ಯಾನಿಲಯವು ಪರಿಷ್ಕರಿಸಿ ಪ್ರಕಟಿಸಿದಾಗ, ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣಗಳ ಶಾಸನಗಳು 1977ರ ಆರನೆಯ ಸಂಪುಟದಲ್ಲಿಯೂ ನಾಗಮಂಗಲದವು ಏಳನೆಯದರಲ್ಲಿಯೂ ಬಂದವು. ಹೊಯ್ಸಳರ, ವಿಜಯನಗರದವರ, ಮೈಸೂರು ಒಡೆಯರ ದಾನಗಳು ಅಲ್ಲಿ ಸಾಲುಸಾಲಾಗಿ ನಿಂತಿವೆ. ಕೆರೆ ಕಟ್ಟಿಸಿದುದು, ಗದ್ದೆ ಬಿಟ್ಟುದು, ತೋಟ ಹಾಕಿಸಿದುದು, ನಂದಾದೀವಿಗೆಗೆ ಎಣ್ಣೆ, ನೈವೇದ್ಯಕ್ಕೆ ಅಕ್ಕಿ, ತುಪ್ಪ. ಇಂತಹ ದಾನಗಳ ನಡುವೆ ‘ಗದ್ದೆ ಬೆದ್ದಲು’ ಎಂಬ ಜೋಡಿ ಮಾತು ಮತ್ತೆ ಮತ್ತೆ ಕಾಣುತ್ತದೆ. ಗದ್ದೆಯೆಂದರೆ ನೀರಿನ ಭೂಮಿ, ಬೆದ್ದಲೆಂದರೆ ಮಳೆಯನ್ನೇ ನಂಬಿದ ಭೂಮಿ. ಆ ಬೆದ್ದಲಿನಲ್ಲಿ ಒಕ್ಕಲು ಏನನ್ನು ಬಿತ್ತಿದ, ಯಾವುದರೊಡನೆ ಯಾವುದನ್ನು ಬೆರೆಸಿದ, ಅವನ ಹೆಂಡತಿ ಮಕ್ಕಳು ಚಳಿಗಾಲದಲ್ಲಿ ಏನನ್ನು ಉಂಡರು ಎಂಬುದನ್ನು ವಿವರಿಸುವುದು ದಾನಶಾಸನದ ಉದ್ದೇಶವಲ್ಲ. ಕ್ರಿ.ಶ. 1025ರ ಸುಮಾರಿನ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ವಾಗಲಿ, ಹದಿನಾರನೆಯ ಶತಮಾನದ ಆದಿಯಲ್ಲಿದ್ದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವಾಗಲಿ ಪಾಕದ ವಿಚಾರವನ್ನು ಬಹಳವಾಗಿ ಹೇಳುತ್ತವೆ, ಆದರೆ ಅವು ಉಳ್ಳವರ ಅಡಿಗೆಮನೆಯನ್ನು ಕಂಡ ಗ್ರಂಥಗಳು. ಆದುದರಿಂದ ಅವರೆಯ ಚರಿತ್ರೆಯನ್ನು ಅರಸಲು ಬೆದ್ದಲಿಗೇ ಇಳಿಯಬೇಕು.

ಮೊದಲು ಅದರ ಹುಟ್ಟನ್ನು ನೋಡೋಣ. ಸಸ್ಯಶಾಸ್ತ್ರಜ್ಞರು ಈಗ ‘ಲ್ಯಾಬ್‌ಲ್ಯಾಬ್ ಪರ್ಪ್ಯೂರಿಯಸ್’ ಎಂದು ಕರೆಯುವ, ಹಿಂದೆ ‘ಡಾಲಿಕಾಸ್ ಲ್ಯಾಬ್‌ಲ್ಯಾಬ್’ ಎನ್ನುತ್ತಿದ್ದ ಈ ಸಸ್ಯವು ಕಾಡುರೂಪದಲ್ಲಿ ದೊರೆಯುವುದು ಆಫ್ರಿಕ ಖಂಡದಲ್ಲಿ. ನಮ್ಮ ರಾಗಿಯ ತೌರುಮನೆಯೂ ಪೂರ್ವ ಆಫ್ರಿಕದ ಎತ್ತರದ ಪ್ರದೇಶವೇ ಎಂಬುದು ವಿದ್ವಾಂಸರ ನಿರ್ಣಯ. ಬಳ್ಳಾರಿಯ ಬಳಿಯ ಸಂಗನಕಲ್ಲಿನಂತಹ ನವಶಿಲಾಯುಗದ ನೆಲೆಗಳಲ್ಲಿ ಅಗೆದು ತೆಗೆದ ಬೂದಿಯಲ್ಲಿ ಸುಟ್ಟು ಕರಿಕಾದ ಅವರೆಕಾಳುಗಳು ಸಿಕ್ಕಿವೆ. ಅವು ಸುಮಾರು ಮೂರೂವರೆ ಸಾವಿರ ವರ್ಷಗಳಷ್ಟು ಹಿಂದಿನವು. ಸಂಸ್ಕೃತದಲ್ಲಿ ಇದಕ್ಕೆ ನಿಷ್ಪಾವವೆಂದು ಹೆಸರು. ತಮಿಳಿನ ‘ಅವರೈ’ ಎಂಬುದೂ ನಮ್ಮ ‘ಅವರೆ’ ಎಂಬುದೂ ಒಂದೇ ಮಾತಿನ ಎರಡು ರೂಪಗಳು. ದೂರದ ಖಂಡದಿಂದ ಬಂದ ಎರಡು ಸಸ್ಯಗಳು ನಾಗಮಂಗಲದ ಕೆಂಪು ಮಣ್ಣಿನಲ್ಲಿ ಒಂದೇ ಹೊಲದ ಅಕ್ಕಪಕ್ಕದ ಸಾಲುಗಳಲ್ಲಿ ನಿಂತು ಇಲ್ಲಿಯವೇ ಆಗಿಬಿಟ್ಟುದನ್ನು ನೆನೆದರೆ, ಯಾವುದು ನಮ್ಮದು ಯಾವುದು ಹೊರಗಿನದು ಎಂಬ ಮಾತನ್ನು ಆಡುವ ಮೊದಲು ಸ್ವಲ್ಪ ಯೋಚಿಸಬೇಕೆನಿಸುತ್ತದೆ.

ಅವರೆಯ ಹೆಸರು ಬಂದಾಗ ಬೆಂಗಳೂರಿನ ಕಥೆಯನ್ನು ಹೇಳದಿದ್ದರೆ ಭಕ್ತರು ಒಪ್ಪುವುದಿಲ್ಲ. ಬೇಟೆಯಲ್ಲಿ ದಾರಿ ತಪ್ಪಿದ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳೆಂದೂ, ಆ ಊರಿಗೆ ‘ಬೆಂದಕಾಳೂರು’ ಎಂಬ ಹೆಸರಾಯಿತೆಂದೂ ಎಲ್ಲರೂ ಬಲ್ಲರು. ಆದರೆ ಬೇಗೂರಿನಲ್ಲಿ ದೊರೆತ, ಸುಮಾರು ಕ್ರಿ.ಶ. 890ರ ಗಂಗರ ಕಾಲದ ವೀರಗಲ್ಲಿನಲ್ಲಿಯೇ ‘ಬೆಂಗಳೂರು’ ಎಂಬ ಹೆಸರಿದೆ. ಬಲ್ಲಾಳರು ಬಂದುದು ಅದಕ್ಕಿಂತ ಬಹಳ ತರುವಾಯ. ಆದುದರಿಂದ ಇದು ಊರಿನ ಚರಿತ್ರೆಯಾಗಲಾರದು. ಆದರೂ ಕಥೆಯಲ್ಲಿ ಒಂದು ಸತ್ಯವಿದೆ. ಬಡವರ ಮನೆಯಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಅತಿಥಿ ಬಂದರೆ ಇಕ್ಕಲು ಇದ್ದುದು ಬೇಯಿಸಿದ ಕಾಳು ಎಂಬುದನ್ನು ಜನ ಮರೆಯಲಿಲ್ಲ. ಸಂಕ್ರಾಂತಿಯ ದಿನ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಉಪ್ಪು ಹಾಕಿ ಬೇಯಿಸಿದ ಅವರೆಕಾಯಿ, ಗೆಣಸು, ಕಡಲೆಕಾಯಿಗಳನ್ನು ಮನೆಮಂದಿಯೆಲ್ಲ ಕೂತು ತಿನ್ನುತ್ತಾರೆ. ಸಂಜೆ ದನಗಳಿಗೆ ಕಿಚ್ಚು ಹಾಯಿಸುತ್ತಾರೆ.

ಇನ್ನು ನಿಶ್ಚಿತವಾದ ದಾಖಲೆಯ ಮಾತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಮಡಿದ ಮೇಲೆ, ಹೊಸದಾಗಿ ಕೈಗೆ ಬಂದ ಸೀಮೆಯ ಬೆಳೆ, ಭೂಮಿ, ಕಸುಬುಗಳನ್ನು ಕಂಡು ವರದಿ ಮಾಡಲು ಗವರ್ನರ್ ಜನರಲ್ ವೆಲ್ಲೆಸ್ಲಿಯು ಫ್ರಾನ್ಸಿಸ್ ಬುಕನನ್ ಎಂಬ ಸ್ಕಾಟ್ಲೆಂಡಿನ ವೈದ್ಯನನ್ನು ಕಳುಹಿಸಿದನು. 1800ರ ಏಪ್ರಿಲಿನಲ್ಲಿ ಮದರಾಸನ್ನು ಬಿಟ್ಟ ಬುಕನನ್ನನು ಮೇ ತಿಂಗಳಲ್ಲಿ ಶ್ರೀರಂಗಪಟ್ಟಣಕ್ಕೆ ಬಂದನು. ಅವನ ಪ್ರವಾಸ ಗ್ರಂಥವು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಅರಮನೆ, ಕೋಟೆಗಳನ್ನು ನೋಡಿದಷ್ಟೇ ಶ್ರದ್ಧೆಯಿಂದ ಅವನು ಹೊಲವನ್ನು ನೋಡಿದನು. ಕೂರಿಗೆಯಿಂದ ರಾಗಿಯನ್ನು ಬಿತ್ತುವುದನ್ನೂ, ಕೂರಿಗೆಯ ಹಿಂದೆ ಕಟ್ಟಿದ ಬಿದಿರಿನ ಕೊಳವೆಯ ಮೂಲಕ ರಾಗಿಯ ಸಾಲುಗಳ ನಡುವೆ ಅವರೆ ತೊಗರಿಗಳ ಬೀಜವನ್ನು ಬಿಡುವುದನ್ನೂ ಅವನು ವಿವರಿಸಿದ್ದಾನೆ; ಆ ಉಪಕರಣಗಳ ಚಿತ್ರಗಳನ್ನೂ ಕೊಟ್ಟಿದ್ದಾನೆ. ಅವರೆ ಎಂಬ ನಮ್ಮ ಮಾತನ್ನೇ ತನ್ನ ಅಕ್ಷರದಲ್ಲಿ ಬರೆದುಕೊಂಡಿದ್ದಾನೆ.

ಇದನ್ನೇ ನಮ್ಮ ರೈತರು ‘ಅಕ್ಕಡಿ’ ಎಂದು ಕರೆಯುವುದು. ಆರೋ ಎಂಟೋ ಸಾಲು ರಾಗಿಗೆ ಒಂದು ಸಾಲು ಅವರೆ ಅಥವಾ ತೊಗರಿ. ಅಂಚಿನಲ್ಲಿ ಹುಚ್ಚೆಳ್ಳು, ಸಾಸಿವೆ, ಹರಳು. ಆರಿದ್ರೆ, ಪುನರ್ವಸು ಮಳೆಗಳಲ್ಲಿ ಎಲ್ಲವನ್ನೂ ಒಟ್ಟಿಗೆ ಬಿತ್ತುತ್ತಾರೆ. ಮೊದಲ ನಾಲ್ಕು ತಿಂಗಳು ಹೊಲ ರಾಗಿಯದು. ಅವರೆಯ ಬಳ್ಳಿ ರಾಗಿಯ ನೆರಳಲ್ಲಿ ಸಣ್ಣಗೆ ತಡೆದಿರುತ್ತದೆ. ಕಾರ್ತಿಕ ಮಾರ್ಗಶಿರಗಳಲ್ಲಿ ರಾಗಿಯನ್ನು ಕೊಯ್ದು ಮೆದೆ ಹಾಕಿದ ಮೇಲೆ, ಬಯಲಾದ ಹೊಲದಲ್ಲಿ ಅವರೆಯು ಕೈಕಾಲು ಚಾಚುತ್ತದೆ. ಆಗ ಮಳೆಯಿಲ್ಲ. ಮಣ್ಣಿನಲ್ಲಿ ಉಳಿದ ತೇವವೂ ರಾತ್ರಿ ಬೀಳುವ ಮಂಜೂ ಅದಕ್ಕೆ ಸಾಕು. ಒಂದೇ ಹೊಲ, ಒಂದೇ ಉಳುಮೆ, ಎರಡು ಸುಗ್ಗಿ. ಮುಂಗಾರು ತಡವಾಗಿ ರಾಗಿ ಸೊರಗಿದರೆ ಅಕ್ಕಡಿಯಾದರೂ ಕೈಗೆ ಹತ್ತುತ್ತದೆ. ಹುಳು ಬಿದ್ದು ಅವರೆ ಹಾಳಾದರೆ ರಾಗಿ ಕಣಜದಲ್ಲಿರುತ್ತದೆ.

ಬುಕನನ್ನನು ಬಂದ ಕಾಲ ಎಂತಹುದೆಂಬುದನ್ನು ತಾವು ನೆನೆಯಬೇಕು. ಅವನು ಬರುವುದಕ್ಕೆ ಎಂಟು ವರ್ಷ ಮೊದಲು, 1792ರ ಫೆಬ್ರವರಿಯಲ್ಲಿ, ಕಾರ್ನ್‌ವಾಲಿಸನ ಸೈನ್ಯವು ಶ್ರೀರಂಗಪಟ್ಟಣದ ದ್ವೀಪದ ಪೂರ್ವಭಾಗವನ್ನು ಹಿಡಿದಾಗ, ಗಂಜಾಮಿನ ಬಳಿಯ ಲಾಲ್‌ಬಾಗಿನ ಮರಗಳನ್ನು ಕಡಿದು ಕೋಟೆಯ ಮುತ್ತಿಗೆಯ ಅಡ್ಡಗಟ್ಟುಗಳಿಗೆ ಬಳಸಿಕೊಂಡಿತು. ಅದೇ ಯುದ್ಧದಲ್ಲಿ ಪರಶುರಾಮ ಭಾವುವಿನ ಮರಾಠಾ ದಂಡು ನಾಗಮಂಗಲವನ್ನು ಹಾಳುಗೆಡವಿತು. ಅಲ್ಲಿ ಒಂದೂವರೆ ಲಕ್ಷ ತೆಂಗು ಅಡಕೆ ಜಾತಿಯ ಮರಗಳು ನಾಶವಾದುವೆಂಬ ಪ್ರತೀತಿಯನ್ನು ಗ್ಯಾಸೆಟಿಯರುಗಳು ದಾಖಲಿಸಿವೆ. ಟಿಪ್ಪುವಿನ ಕಾಲದಲ್ಲಿ ಸುಮಾರು ಒಂದೂವರೆ ಲಕ್ಷ ಜನರಿದ್ದರೆಂದು ಊಹಿಸಲಾಗಿದ್ದ ರಾಜಧಾನಿಯಲ್ಲಿ ಬುಕನನ್ನನ ಕಾಲಕ್ಕೆ ಉಳಿದಿದ್ದವರು ಸುಮಾರು 32 ಸಾವಿರ. ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದುದರಿಂದ ‘ಫ್ರೆಂಚ್ ರಾಕ್ಸ್’ ಎಂಬ ಹೆಸರು ಪಡೆದ ಹಿರೋಡೆಯೇ ಇಂದಿನ ಪಾಂಡವಪುರ. ಹೀಗೆ ಈ ನಾಲ್ಕು ತಾಲ್ಲೂಕುಗಳ ನೆಲದ ಮೇಲೆ ದಂಡುಗಳು ಓಡಾಡಿದ ಕಾಲ ಅದು.

ಇದರಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ತೆಂಗಿನ ಮರ ಫಲ ಕೊಡಲು ಹಲವಾರು ವರ್ಷ ಬೇಕು. ಕಡಿದ ತೋಟವನ್ನು ಮತ್ತೆ ಎಬ್ಬಿಸಲು ಒಂದು ತಲೆಮಾರು ಬೇಕು. ಒಡೆದ ಕೆರೆಯ ಏರಿಯನ್ನು ಕಟ್ಟಲು ದೊರೆಯ ಬೊಕ್ಕಸ ಬೇಕು. ಅಕ್ಕಡಿಯ ಹೊಲಕ್ಕೆ ಬೇಕಾದುದು ಒಂದು ಜೊತೆ ಎತ್ತು, ಒಂದು ಕೂರಿಗೆ, ಒಂದು ಮಳೆ, ಮತ್ತು ಗೃಹಿಣಿಯು ಬೂದಿಯಲ್ಲಿ ಬೆರೆಸಿ ಮಡಕೆಯಲ್ಲಿ ಮುಚ್ಚಿಟ್ಟ ನಾಲ್ಕು ಸೇರು ಬೀಜ. ದಂಡು ಹೋದ ಮರುವರ್ಷವೇ ಅದು ಮತ್ತೆ ಏಳಬಲ್ಲದು. ರಾಜರ ಉದ್ಯಾನವನ್ನು ಕಡಿದ ಎಂಟು ವರ್ಷಕ್ಕೆ ಬಂದ ಪ್ರವಾಸಿಯು ಬೆದ್ದಲಿನ ಅಕ್ಕಡಿಯ ಪದ್ಧತಿಯನ್ನು ಜೀವಂತವಾಗಿ ಕಂಡು ಬರೆದುಕೊಂಡನು. ನಮ್ಮ ಪೂರ್ವಜರು ಉಳಿದು ಬಂದುದು ಯಾವುದರ ಬಲದಿಂದ ಎಂಬ ಪ್ರಶ್ನೆಗೆ ಒಂದು ಭಾಗದ ಉತ್ತರ ಇಲ್ಲಿದೆ.

ವಿಜ್ಞಾನವು ಈ ಪದ್ಧತಿಯ ಮರ್ಮವನ್ನು ಅರಿತುದು ಬಹಳ ತಡವಾಗಿ. ದ್ವಿದಳ ಸಸ್ಯಗಳ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಸಸ್ಯಕ್ಕೆ ಒದಗಿಸುತ್ತವೆಂಬುದನ್ನು ಜರ್ಮನಿಯ ಹೆಲ್ರೀಗೆಲ್ ಮತ್ತು ವಿಲ್‌ಫಾರ್ತ್ ಎಂಬುವರು ತೋರಿಸಿದುದು 1880ರ ದಶಕದಲ್ಲಿ. ರಾಗಿ ಭೂಮಿಯಿಂದ ತೆಗೆದುಕೊಳ್ಳುತ್ತದೆ, ಅವರೆ ಭೂಮಿಗೆ ಅಷ್ಟಿಷ್ಟು ಹಿಂತಿರುಗಿಸುತ್ತದೆ. ಇದರ ಕಾರಣ ರೈತನಿಗೆ ತಿಳಿದಿರಲಿಲ್ಲ, ಫಲ ತಿಳಿದಿತ್ತು. ಊಟದ ಎಲೆಯ ಮೇಲೂ ಇದೇ ಸಂಬಂಧ. ರಾಗಿಯಲ್ಲಿ ಸಸಾರಜನಕ ಕಡಿಮೆ. ಒಣ ಅವರೆಯ ತೂಕದಲ್ಲಿ ಹೆಚ್ಚು ಕಡಿಮೆ ನಾಲ್ಕನೆಯ ಒಂದು ಪಾಲು ಅದೇ. ಮುದ್ದೆಯೂ ಅವರೆಕಾಳಿನ ಸಾರೂ ಕೂಡಿದಾಗ ದುಡಿಯುವ ದೇಹಕ್ಕೆ ಒಂದು ಪೂರ್ಣ ಆಹಾರವಾಗುತ್ತದೆ. ಹೊಲದಲ್ಲಿ ಪಕ್ಕಪಕ್ಕದಲ್ಲಿ ನಿಂತವು ತಟ್ಟೆಯಲ್ಲಿಯೂ ಪಕ್ಕಪಕ್ಕದಲ್ಲಿ ಕೂಡುತ್ತವೆ.

ಅವರೆಗೆ ಒಂದೇ ಕಾಲವೇಕೆ ಎಂಬುದಕ್ಕೂ ಉತ್ತರ ದೊರೆತಿದೆ. ಹಗಲಿನ ಉದ್ದವನ್ನು ಅನುಸರಿಸಿ ಸಸ್ಯಗಳು ಹೂಬಿಡುತ್ತವೆಂಬುದನ್ನು ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು 1920ರಲ್ಲಿ ಪ್ರಕಟಪಡಿಸಿದರು. ನಮ್ಮ ಹಳೆಯ ಅವರೆಯು ಹಗಲು ಕಿರಿದಾದ ಮೇಲೆ ಮಾತ್ರ ಹೂಬಿಡುವ ಜಾತಿಗೆ ಸೇರಿದುದು. ಜೇಷ್ಠದಲ್ಲಿ ಬಿತ್ತಿದರೂ ಆಷಾಢದಲ್ಲಿ ಬಿತ್ತಿದರೂ ಅದು ಚಿತ್ತೆ ಸ್ವಾತಿ ಮಳೆಗಳ ಕಾಲ ಬರುವವರೆಗೆ ಕಾಯುತ್ತದೆ. ಊರಿನ ಎಲ್ಲ ಹೊಲಗಳೂ ಹೆಚ್ಚು ಕಡಿಮೆ ಒಟ್ಟಿಗೆ ಹೂವಾಗಿ, ಒಟ್ಟಿಗೆ ಕಾಯಿಯಾಗುತ್ತವೆ. ಕಾಯಿಯ ಸಿಪ್ಪೆಯ ಮೇಲೆ ಎಣ್ಣೆಯಂತಹ ಸೊನೆ ಒಸರುತ್ತದೆ. ಮುಟ್ಟಿದರೆ ಅಂಟು, ಮೂಸಿದರೆ ಸೊಗಡು. ಮಂಜು ಬಿದ್ದಷ್ಟೂ ಸೊಗಡು ಹೆಚ್ಚೆಂಬುದು ರೈತರ ಅನುಭವ. ಮೋಡ ಕವಿದರೆ ಹುಳು ಹೆಚ್ಚೆಂಬುದು ಅವರ ಆತಂಕ. ಸಂಕ್ರಾಂತಿಗೆ ಅವರೆಯನ್ನು ಹಬ್ಬದ ಕಾಯಿಯನ್ನಾಗಿ ಮಾಡಿದುದು ಸೂರ್ಯನ ಈ ನಡೆಯೇ. ಸೂರ್ಯನು ಉತ್ತರಾಯಣಕ್ಕೆ ತಿರುಗುವ ಹಬ್ಬದಂದು, ಹಗಲು ಕಿರಿದಾದುದರಿಂದಲೇ ಹೂವಾದ ಬಳ್ಳಿಯ ಕಾಯಿಯನ್ನು ನಾವು ಉಣ್ಣುತ್ತೇವೆ.

ಈಗ ನೀರಿನ ಕಥೆಗೆ ಬರೋಣ. ಶ್ರೀರಂಗಪಟ್ಟಣದ ಸುತ್ತ ಕಾವೇರಿಯ ನಾಲೆಗಳು ಹಳೆಯವು. ಚಿಕ್ಕದೇವರಾಜ ಒಡೆಯರ ಹೆಸರಿನ ನಾಲೆ ಇಂದಿಗೂ ಹರಿಯುತ್ತಿದೆ. ಹಿಂದೆ ಅತ್ತಿಗುಪ್ಪೆಯೆಂಬ ಹೆಸರಿದ್ದ ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ ಹೇಮಾವತಿಗೆ ಮಂದಗೆರೆ, ಹೇಮಗಿರಿಗಳಲ್ಲಿ ಅಣೆಗಳಿವೆ. ಆದರೆ ಅವೆಲ್ಲ ನದಿಯ ಅಂಚಿನ ಭೂಮಿಗೆ ಮಾತ್ರ ನೀರುಣಿಸಿದುವು. 1911ರಲ್ಲಿ ಕನ್ನಂಬಾಡಿಯಲ್ಲಿ ಕೃಷ್ಣರಾಜಸಾಗರದ ಕೆಲಸ ಆರಂಭವಾಗಿ ಸುಮಾರು ಎರಡು ದಶಕಗಳಲ್ಲಿ ಮುಗಿದು, ಮೊದಲು ಇರ್ವಿನ್ ನಾಲೆಯೆಂದೂ ಅನಂತರ ವಿಶ್ವೇಶ್ವರಯ್ಯ ನಾಲೆಯೆಂದೂ ಹೆಸರಾದ ಕಾಲುವೆಯಲ್ಲಿ ನೀರು ಹರಿದಾಗ, ಪಾಂಡವಪುರ, ಶ್ರೀರಂಗಪಟ್ಟಣ, ಮಂಡ್ಯಗಳ ಬೆದ್ದಲಿನ ಬಾಳೇ ಬದಲಾಯಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಮುಂದೆ ಪಾಂಡವಪುರದಲ್ಲಿಯೂ ಸಹಕಾರಿ ಸಕ್ಕರೆ ಕಾರ್ಖಾನೆ ಎದ್ದಿತು. 1939ರಲ್ಲಿ ಮಂಡ್ಯವು ಪ್ರತ್ಯೇಕ ಜಿಲ್ಲೆಯಾಯಿತು. 1979ರಲ್ಲಿ ಗೊರೂರಿನಲ್ಲಿ ಹೇಮಾವತಿಯ ಅಣೆಕಟ್ಟು ಮುಗಿದ ಮೇಲೆ ಅದರ ನಾಲೆಗಳು ಕೃಷ್ಣರಾಜಪೇಟೆ, ನಾಗಮಂಗಲಗಳ ಕೆಲವು ಭಾಗಗಳನ್ನೂ ಮುಟ್ಟಿದುವು.

ನಾವು ನಾಲೆಯನ್ನು ದೂರಲು ಹೊರಟಿಲ್ಲ. ಹಾಗೆ ಮಾಡಿದರೆ ಕೃತಘ್ನತೆಯಾದೀತು. ಆ ನೀರಿನಿಂದ ಬಂದ ಬತ್ತ ಕಬ್ಬುಗಳ ಹಣವೇ ಈ ಸೀಮೆಯಲ್ಲಿ ಎಷ್ಟೋ ಶಾಲೆ, ವಿದ್ಯಾರ್ಥಿನಿಲಯಗಳನ್ನು ಕಟ್ಟಿತು. ನಮ್ಮ ಮಠದ ದಾಸೋಹದ ಒಲೆಯೂ ಅದರ ಋಣದಲ್ಲಿದೆ. ಬರಗಾಲದಲ್ಲಿ ಗುಳೆ ಹೋಗುತ್ತಿದ್ದವರ ಮೊಮ್ಮಕ್ಕಳು ಇಂದು ವೈದ್ಯರಾಗಿ, ಎಂಜಿನಿಯರುಗಳಾಗಿ ಈ ಪತ್ರಿಕೆಯ ಚಂದಾದಾರರಾಗಿದ್ದಾರೆ. ಆದರೆ ಬಂದುದರ ಲೆಕ್ಕ ಬರೆಯುವಾಗ ಹೋದುದರ ಲೆಕ್ಕವನ್ನೂ ಬರೆಯುವುದು ಚರಿತ್ರಕಾರನ ಧರ್ಮ. ನಿಂತ ನೀರಿನ ಗದ್ದೆಯಲ್ಲಿ ಅವರೆ ಬೆಳೆಯದು. ಕಬ್ಬು ಇಡೀ ವರ್ಷ ಹೊಲವನ್ನು ಹಿಡಿದಿರುವುದರಿಂದ ಅಕ್ಕಡಿಯ ಸಾಲಿಗೆ ಅಲ್ಲಿ ಎಡೆಯಿಲ್ಲ. ನಾಲೆ ಬಂದ ಕಡೆ ಅವರೆ ಮೊದಲು ಹೊಲದಿಂದ ಬದುವಿಗೆ ಸರಿಯಿತು. ಅನಂತರ ಬದುವಿನಿಂದ ಹಿತ್ತಲಿಗೆ, ಹಿತ್ತಲಿನಿಂದ ಸಂತೆಗೆ.

ಕೆಲವು ವರ್ಷಗಳ ಹಿಂದೆ ಪಾಂಡವಪುರದ ಕಡೆಯ ವಯೋವೃದ್ಧ ಭಕ್ತರೊಬ್ಬರು ಪುಷ್ಯಮಾಸದಲ್ಲಿ ದರ್ಶನಕ್ಕೆ ಬಂದರು. ಕೈಯಲ್ಲಿ ಎರಡು ಸೇರಿನಷ್ಟು ಅವರೆಕಾಯಿಯ ಚೀಲ. “ಏನಪ್ಪಾ, ಹೊಲದ ಅವರೆಯೋ?” ಎಂದು ಕೇಳಿದೆವು. ಅವರು ಸಂಕೋಚದಿಂದ ತಲೆ ತಗ್ಗಿಸಿ, “ಇಲ್ಲ ಬುದ್ಧಿ. ನಮ್ಮದೆಲ್ಲ ಗದ್ದೆ ಆಗಿ ಬೋ ವರ್ಷ ಆಯ್ತು. ನಾಲೆ ನೀರು ಬಂತು, ಮನೆಗೆ ಅನ್ನ ಬಂತು. ಮಠಕ್ಕೆ ಕೊಡೋ ಅವರೆಕಾಯನ್ನ ಮಾತ್ರ ಈಗ ಸಂತೇಲಿ ದುಡ್ಡು ಕೊಟ್ಟು ತರ್ತೀವಿ” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೂಸಿ ನೋಡಿ ಬುದ್ಧಿ, ಸೊಗಡೇ ಇಲ್ಲ” ಎಂದರು. ನಾವು ಮೂಸಿದೆವು. ಅವರ ಮಾತು ನಿಜವಾಗಿತ್ತು.

ಸೊಗಡು ಹೋದುದಕ್ಕೆ ಕಾರಣವಿದೆ. 1964ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಹಗಲಿನ ಉದ್ದದ ಕಟ್ಟಿಗೆ ಒಳಪಡದ, ಗಿಡ್ಡವಾಗಿ ಬೆಳೆದು ಬೇಗನೆ ಕಾಯಿ ಬಿಡುವ ‘ಹೆಬ್ಬಾಳ ಅವರೆ’ ತಳಿಗಳನ್ನು ರೂಪಿಸಿದರು. ಅವು ಯಾವ ಋತುವಿನಲ್ಲಿ ಬಿತ್ತಿದರೂ ಫಲ ಕೊಡುತ್ತವೆ. ನೀರಾವರಿಯುಳ್ಳ ಸಣ್ಣ ರೈತನಿಗೆ ಇದರಿಂದ ಆದ ಲಾಭ ಅಲ್ಪವಲ್ಲ. ಬೇಸಗೆಯಲ್ಲಿಯೂ ಅವರೆಕಾಯಿ ಮಾರಿ ಅವನು ನಾಲ್ಕು ಕಾಸು ಕಾಣುತ್ತಾನೆ. ಆದರೆ ಕಾಲವಲ್ಲದ ಕಾಲದ ಕಾಯಿಯಲ್ಲಿ ಹಳೆಯ ಸೊಗಡು ಇಲ್ಲವೆಂದು ತಿನ್ನುವವರೆಲ್ಲ ಹೇಳುತ್ತಾರೆ. ಮಾಗಡಿಯ ಕಡೆಯ ಸೊಗಡಿನ ಅವರೆಗಾಗಿ ಬೆಂಗಳೂರಿನ ಜನ ಇಂದಿಗೂ ಚಳಿಗಾಲವನ್ನು ಕಾಯುವುದೂ, ಅಲ್ಲಿ ವಿಶ್ವೇಶ್ವರಪುರದವರು ಆರಂಭಿಸಿದ ಅವರೆಕಾಯಿ ಮೇಳಕ್ಕೆ ಸಹಸ್ರಾರು ಮಂದಿ ಸೇರುವುದೂ ಆ ಮಾತಿಗೆ ಸಾಕ್ಷಿ.

ರಾಗಿಯ ವಿಚಾರದಲ್ಲಿ ಮಂಡ್ಯದ ವಿ. ಸಿ. ಫಾರಂ ಮಾಡಿದ ಉಪಕಾರವನ್ನು ಇಲ್ಲಿ ಸ್ಮರಿಸಬೇಕು. ‘ರಾಗಿ ಬ್ರಹ್ಮ’ ಎಂದು ಹೆಸರಾದ ಲಕ್ಷ್ಮಣಯ್ಯನವರು ಅಲ್ಲಿ ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ ‘ಇಂಡಾಫ್’ ತಳಿಗಳನ್ನು ಪಡೆದರು. ಇಳುವರಿ ಬಹಳವಾಗಿ ಏರಿತು, ಬಡವರ ಹ��ಟ್ಟೆ ತುಂಬಿತು. ಹೀಗೆ ರಾಗಿಯ ತೌರನ್ನು ಹುಡುಕಿ, ಅದರ ಹಳೆಯ ಬೀಜಗಳನ್ನು ಕೂಡಿಸಿಟ್ಟು ಕಾಪಾಡಿದುದರಿಂದಲೇ ಹೊಸ ರಾಗಿ ಬಂದಿತು. ಅವರೆಗೂ ಇದೇ ನ್ಯಾಯ ಸಲ್ಲಬೇಕು. ನಾಗಮಂಗಲದ ಒಂದೊಂದು ಹೋಬಳಿಯಲ್ಲಿಯೂ ಒಂದೊಂದು ಬಗೆಯ ಅವರೆಯನ್ನು ನಾವು ಬಾಲ್ಯದಲ್ಲಿ ಕಂಡಿದ್ದೆವು. ಅಗಲಕಾಯಿ, ಕಿರುಕಾಯಿ, ಬಿಳಿಹೂವಿನದು, ನೇರಿಳೆಹೂವಿನದು, ದುಂಡುಕಾಳಿನದು. ಅವುಗಳನ್ನು ಕಾಪಾಡಿದ್ದುದು ಯಾವ ಗ್ರಂಥವೂ ಅಲ್ಲ, ಬೊಕ್ಕಸವೂ ಅಲ್ಲ. ಕಾಯಿ ಕೀಳುವಾಗ ಚೆನ್ನಾಗಿ ತುಂಬಿದ ಬಳ್ಳಿಯೊಂದನ್ನು ಮುಟ್ಟದೆ ಬೀಜಕ್ಕೆಂದು ಬಿಟ್ಟ ತಾಯಂದಿರ ಕಣ್ಣು. ಅಕ್ಕಡಿಯನ್ನು ಬಿತ್ತುವುದು ನಿಂತ ವರ್ಷ ಆ ಬಳ್ಳಿಯನ್ನು ಬಿಡುವುದೂ ನಿಲ್ಲುತ್ತದೆ. ಒಂದೆರಡು ವರ್ಷದಲ್ಲಿ ಮಡಕೆಯ ಬೀಜ ಹುಳು ಹಿಡಿದು ಹೋಗುತ್ತದೆ. ಅದಾದ ಮೇಲೆ ಹಣ ಕೊಟ್ಟರೂ ಆ ತಳಿ ಸಿಗದು.

ಚರಿತ್ರೆಯೆಂದರೆ ಹಿಂದಿನದನ್ನು ತಿಳಿದು ಸುಮ್ಮನಾಗುವುದು ಎಂದು ನಮ್ಮ ಗುರುಗಳು ನಮಗೆ ಕಲಿಸಲಿಲ್ಲ. ಯುದ್ಧದಲ್ಲಿ ಲಾಲ್‌ಬಾಗಿನ ಮರಗಳು ಉರುಳಿದಾಗಲೂ ನಾಗಮಂಗಲದ ತೋಟಗಳು ಹಾಳಾದಾಗಲೂ ಅಕ್ಕಡಿಯ ಸಾಲು ಉಳಿಯಿತು. ಶತ್ರುವಿನ ಕೊಡಲಿಗೆ ಸೋಲದ ಆ ಸಾಲು ನಮ್ಮ ಸುಖದ ದಿನಗಳಲ್ಲಿ ಅಲಕ್ಷ್ಯದಿಂದ ಹೋದರೆ, ಮುಂದಿನವರಿಗೆ ನಾವು ಏನೆಂದು ಉತ್ತರ ಹೇಳೋಣ?

ಆದುದರಿಂದ ನಾಲ್ಕು ತಾಲ್ಲೂಕುಗಳ ಭಕ್ತರಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ನಮ್ಮದೊಂದು ಸಣ್ಣ ಬೇಡಿಕೆ. ಬೆದ್ದಲು ಉಳ್ಳವರು ಈ ಮುಂಗಾರಿನಲ್ಲಿ ರಾಗಿಯ ನಡುವೆ ಒಂದೆರಡು ಸಾಲಾದರೂ ಮನೆಯ ಹಳೆಯ ಅವರೆಯನ್ನು ಬಿತ್ತಿರಿ. ಗದ್ದೆಯವರು ಬದುವಿನ ಮೇಲೆ, ಊರಿನಲ್ಲಿ ನೆಲೆಸಿದವರು ಹಿತ್ತಲಿನ ಬೇಲಿಗೆ ನಾಲ್ಕು ಬಳ್ಳಿ ಹಬ್ಬಿಸಿರಿ. ನಗರದಲ್ಲಿರುವವರು ಚೈತ್ರದಲ್ಲಿ ಸಿಗುವ ಅವರೆಕಾಯಿಗೆ ಕೈಚಾಚುವ ಬದಲು ಪುಷ್ಯದವರೆಗೆ ತಾಳಿಕೊಂಡು, ಆಗ ಬೆದ್ದಲಿನಿಂದ ಬರುವ ಸೊಗಡಿನ ಕಾಯಿಗೆ ಎರಡು ಕಾಸು ಹೆಚ್ಚು ಕೊಟ್ಟರೂ ಸರಿಯೇ. ಅದನ್ನು ಬೆಳೆದವನಿಗೆ ಮತ್ತೆ ಬಿತ್ತಲು ಅದಕ್ಕಿಂತ ಬೇರೆ ಪ್ರೋತ್ಸಾಹ ಬೇಡ. ಮನೆಯಲ್ಲಿ ಅಜ್ಜಿಯಂದಿರು ಇದ್ದರೆ, ಯಾವ ಬಳ್ಳಿಯನ್ನು ಬೀಜಕ್ಕೆ ಬಿಡಬೇಕು, ಬೂದಿ ಹೇಗೆ ಬೆರೆಸಬೇಕು ಎಂಬುದನ್ನು ಈ ವರ್ಷವೇ ಕೇಳಿ ತಿಳಿದುಕೊಳ್ಳಿರಿ.

ಬರುವ ಸಂಕ್ರಾಂತಿಯ ಹೊತ್ತಿಗೆ ಮಠಕ್ಕೆ ಬರುವವರು ಹಣ್ಣು ಕಾಯಿಯೊಡನೆ ತಮ್ಮ ಹೊಲದ ಅವರೆಯ ಬೀಜವನ್ನು ಒಂದು ಹಿಡಿ ತರಬೇಕೆಂದು ಕೋರುತ್ತೇವೆ. ಊರಿನ ಹೆಸರು ಬರೆದು ಅದನ್ನು ಮಠದಲ್ಲಿ ಇರಿಸುತ್ತೇವೆ. ಬೀಜ ಕಳೆದುಕೊಂಡವರು ಬಂದು ಒಯ್ಯಬಹುದು, ಮರುವರ್ಷ ಬೆಳೆದು ಎರಡು ಹಿಡಿಯಾಗಿ ಹಿಂತಿರುಗಿಸಬಹುದು. ಪ್ರಸಾದನಿಲಯದ ಇಂದಿನ ಮಕ್ಕಳಿಗೂ ರಾತ್ರಿ ಕಾಯಿ ಸುಲಿಯುವ, ಬೆಳಗಿನ ಜಾವ ಬೇಳೆ ಹಿದುಕುವ ಕೆಲಸವನ್ನು ಈ ವರ್ಷದಿಂದ ಮತ್ತೆ ಹಚ್ಚಬೇಕೆಂದಿದ್ದೇವೆ. ಅವರ ಪುಸ್ತಕದ ಹಾಳೆಗಳಿಗೂ ಸ್ವಲ್ಪ ಸೊಗಡು ಅಂಟಲಿ.